ಹಾಸಿಗೆ ಇದ್ದಷ್ಟು ಕಾಲು ಚಾಚು: ಆಯವ್ಯಯದ ಕಾಲದಲ್ಲಿ ಒಂದು ಗಾದೆಯ ವ್ಯಾಖ್ಯಾನ

ರಾಜ್ಯದ ಆಯವ್ಯಯ ಮಂಡನೆಯಾದ ಮರುದಿನ ಕರ್ನಾಟಕದ ಸಾರ್ವಜನಿಕ ಚರ್ಚೆಯಲ್ಲಿ ತಪ್ಪದೆ ಕೇಳಿಬರುವ ಮಾತು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ. 2023ರ ಜುಲೈ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಐದು ಗ್ಯಾರಂಟಿಗಳಿಗೆ ಹಣ ಒದಗಿಸಿ ಆಯವ್ಯಯ ಮಂಡಿಸಿದಂದಿನಿಂದ ಈ ಗಾದೆಯ ಬಳಕೆ ಇನ್ನಷ್ಟು ಹೆಚ್ಚಿದೆ. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ, ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಗೃಹಲಕ್ಷ್ಮಿ, ಅಕ್ಕಿಯ ಪ್ರಮಾಣ ಹೆಚ್ಚಿಸಿದ ಅನ್ನಭಾಗ್ಯ, ನಿರುದ್ಯೋಗಿ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ಭತ್ಯೆ ನೀಡುವ ಯುವನಿಧಿ, ಈ ಐದರ ಹೆಸರು ಬಂದಲ್ಲೆಲ್ಲ ಗಾದೆಯೂ ಹಿಂದೆಯೇ ಬರುತ್ತದೆ. ಇಷ್ಟು ಬಳಕೆಯಲ್ಲಿರುವ ಮಾತಿಗೆ ಪದಾರ್ಥ ಹೇಳಬೇಕಾಗಿಲ್ಲ. ಆದರೆ ಅದನ್ನು ಯಾರ ಕಾಲನ್ನು ನೋಡಿ ಹೇಳಲಾಗುತ್ತಿದೆ, ಯಾರ ಕಾಲನ್ನು ನೋಡಿಯೂ ನೋಡದಂತೆ ಇರಲಾಗುತ್ತಿದೆ ಎಂಬುದನ್ನು ವಿಚಾರಿಸದೆ ಬಿಟ್ಟರೆ, ವಿವೇಕದ ಮಾತೊಂದು ಬಡವರ ಬಾಯಿ ಮುಚ್ಚಿಸುವ ಮಾತಾಗಿ ಉಳಿದುಬಿಡುತ್ತದೆ.

ಗಾದೆಯಲ್ಲಿ ಎರಡು ಭಾಗಗಳಿವೆ. ಹಾಸಿಗೆ ಎಷ್ಟಿದೆ ಎಂಬುದು ಮೊದಲನೆಯದು, ಕಾಲನ್ನು ಎಷ್ಟು ಚಾಚಬೇಕು ಎಂಬುದು ಎರಡನೆಯದು. ಕೇಳುವವರ ಕಿವಿಗೆ ಎರಡನೆಯದೇ ಜೋರಾಗಿ ಬೀಳುತ್ತದೆ, ಏಕೆಂದರೆ ಅದು ಆಜ್ಞೆಯ ರೂಪದಲ್ಲಿದೆ. ಆದರೆ ಆ ಆಜ್ಞೆ ನಿಂತಿರುವುದು ಮೊದಲ ಭಾಗದ ಮೇಲೆ: ಹಾಸಿಗೆಯ ಅಳತೆ ತಿಳಿಯದವನಿಗೆ ಕಾಲು ಮಡಿಸು ಎಂದು ಹೇಳುವುದಕ್ಕೂ ಅರ್ಥವಿಲ್ಲ, ಚಾಚು ಎಂದು ಹೇಳುವುದಕ್ಕೂ ಅರ್ಥವಿಲ್ಲ. ಆದ್ದರಿಂದ ಈ ಗಾದೆ ಮೊದಲು ವಿಧಿಸುವ ಕರ್ತವ್ಯ ಅಳೆಯುವುದು, ಮತ್ತು ಅಳೆದದ್ದನ್ನು ಮರೆಮಾಚದೆ ಹೇಳುವುದು. ಒಬ್ಬನೇ ಮಲಗುವ ಹಾಸಿಗೆಯಾದರೆ ಅಳೆಯುವವನೂ ಚಾಚುವವನೂ ಒಬ್ಬನೇ. ಆರು ಕೋಟಿಗೂ ಮೀರಿದ ಜನ ಹಂಚಿಕೊಂಡು ಮಲಗಬೇಕಾದ ಹಾಸಿಗೆಯಲ್ಲಿ ಅಳೆಯುವವರು ಒಬ್ಬರು, ಚಾಚುವವರು ಇನ್ನೊಬ್ಬರು, ಹಾಸಿಗೆಯನ್ನು ಹೊಲಿದುಕೊಟ್ಟವರು ಮತ್ತೊಬ್ಬರು. ಗಾದೆಯನ್ನು ಆಯವ್ಯಯಕ್ಕೆ ಅನ್ವಯಿಸುವವರು ಈ ಮೂವರನ್ನೂ ಒಟ್ಟಿಗೆ ನೋಡಬೇಕು.

ಬಳಕೆಯಲ್ಲಿರುವ ಬೇರೆ ಅರ್ಥಗಳು ಹೆಚ್ಚು ಹೊತ್ತು ನಿಲ್ಲುವಂಥವಲ್ಲ. ಸಾಲ ಮಾಡುವುದೇ ತಪ್ಪು ಎಂಬುದು ಒಂದು ಅರ್ಥ. ಮನೆವಾರ್ತೆಗೆ ಇದು ಒಪ್ಪಬಹುದು, ಆದರೆ ಮೂವತ್ತು ವರ್ಷ ನೀರುಣಿಸುವ ಕಾಲುವೆಯನ್ನು ಒಂದೇ ವರ್ಷದ ತೆರಿಗೆಯಲ್ಲಿ ಕಟ್ಟಿ ಮುಗಿಸಬೇಕೆಂದು ಸರ್ಕಾರಕ್ಕೆ ಹೇಳುವುದು ನಾಳೆ ಅದರ ಫಲ ಉಣ್ಣುವವರ ಪಾಲನ್ನೂ ಇಂದಿನವರ ಮೇಲೆ ಹೊರಿಸಿದಂತೆ. ಆರ್ಥಿಕತೆ ಬೆಳೆದರೆ ಹಾಸಿಗೆ ತಾನಾಗಿಯೇ ಹಿಗ್ಗುತ್ತದೆ, ಅಲ್ಲಿಯವರೆಗೆ ಬಡವರು ಕಾಯಲಿ ಎಂಬುದು ಇನ್ನೊಂದು. ಈ ತಿಂಗಳ ಅಕ್ಕಿಗೆ ಹತ್ತು ವರ್ಷದ ನಂತರದ ಬೆಳವಣಿಗೆ ಉತ್ತರವಲ್ಲ. ಅವರವರು ಹುಟ್ಟಿದ ನೆಲೆಯಲ್ಲಿ ತೃಪ್ತರಾಗಿರಬೇಕು ಎಂಬ ಮೂರನೆಯ ಅರ್ಥ ಬಾಯಿಬಿಟ್ಟು ಹೇಳಲಾಗದೆ ಉಳಿದವರು ಗಾದೆಯ ಮರೆಯಲ್ಲಿ ಹೇಳುವ ಮಾತು, ಸಂವಿಧಾನವನ್ನು ಒಪ್ಪಿದ ನಾಡಿನಲ್ಲಿ ಅದನ್ನು ಚರ್ಚೆಗೆ ಎತ್ತಿಕೊಳ್ಳುವ ಅಗತ್ಯವೂ ಇಲ್ಲ.

ಹಾಸಿಗೆಯನ್ನು ಅಳೆಯುವ ಕೋಲು ಕರ್ನಾಟಕಕ್ಕೆ ಹೊಸದಲ್ಲ. ಸರ್ಕಾರ ತನ್ನ ಕೊರತೆಗೂ ಸಾಲಕ್ಕೂ ತಾನೇ ಮಿತಿ ಹಾಕಿಕೊಳ್ಳುವ ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ಈ ರಾಜ್ಯ 2002ರಲ್ಲಿಯೇ, ಉಳಿದ ರಾಜ್ಯಗಳಿಗಿಂತ ಮೊದಲು, ಅಂಗೀಕರಿಸಿತು. ಅದರ ಪ್ರಕಾರ ವಿತ್ತೀಯ ಕೊರತೆ, ಅಂದರೆ ಸರ್ಕಾರದ ಒಟ್ಟು ವೆಚ್ಚಕ್ಕೂ ಸಾಲ ಬಿಟ್ಟು ಉಳಿದ ಒಟ್ಟು ಸ್ವೀಕೃತಿಗೂ ನಡುವಿನ ಅಂತರ, ರಾಜ್ಯದ ಆಂತರಿಕ ಉತ್ಪನ್ನದ ಶೇಕಡಾ 3ನ್ನು ಮೀರಬಾರದು. ಒಟ್ಟು ಹೊಣೆಗಾರಿಕೆ, ಅಂದರೆ ಸರ್ಕಾರ ತೀರಿಸಬೇಕಾದ ಒಟ್ಟು ಬಾಕಿ, ಅದೇ ಉತ್ಪನ್ನದ ಶೇಕಡಾ 25ರೊಳಗೆ ಇರಬೇಕು. ರಾಜಸ್ವ ಕೊರತೆ, ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ನಿತ್ಯದ ವೆಚ್ಚಕ್ಕೆ ನಿತ್ಯದ ವರಮಾನ ಸಾಲದೆ ಬೀಳುವ ಅಂತರ, ಇರಲೇಬಾರದು. 2025ರ ಮಾರ್ಚ್ 7ರಂದು ಮಂಡಿಸಿದ 4,09,549 ಕೋಟಿ ರೂಪಾಯಿಯ ಆಯವ್ಯಯದಲ್ಲಿ ವಿತ್ತೀಯ ಕೊರತೆಯನ್ನು ಶೇಕಡಾ 2.95 ಎಂದೂ ಹೊಣೆಗಾರಿಕೆಯನ್ನು ಶೇಕಡಾ 24.91 ಎಂದೂ ಅಂದಾಜಿಸಲಾಯಿತು. ಎರಡೂ ಮಿತಿಯೊಳಗಿವೆ, ಆದರೆ ಅಂಚಿಗೆ ತಾಗಿಕೊಂಡಿವೆ. ಮೂರನೆಯ ಮಿತಿ ಮಾತ್ರ ಉಳಿಯಲಿಲ್ಲ: ಅದೇ ಆಯವ್ಯಯ 19,262 ಕೋಟಿ ರೂಪಾಯಿ ರಾಜಸ್ವ ಕೊರತೆಯನ್ನು ತೋರಿಸಿತು. 2004-05ರಿಂದ ಸುಮಾರು ಒಂದೂವರೆ ದಶಕ ರಾಜಸ್ವ ಹೆಚ್ಚುವರಿಯನ್ನು ಕಾಯ್ದುಕೊಂಡು ಬಂದ ರಾಜ್ಯಕ್ಕೆ ಇದು ಚಿಕ್ಕ ವಿಷಯವಲ್ಲ. ನಿತ್ಯದ ವೆಚ್ಚಕ್ಕಾಗಿ ಸಾಲ ಮಾಡಬೇಕಾಗಿ ಬಂದಿದೆ ಎಂಬುದನ್ನು ಗ್ಯಾರಂಟಿಗಳ ಪರವಾಗಿ ಮಾತಾಡುವವರು ಒಪ್ಪಿಕೊಳ್ಳಬೇಕು, ಏಕೆಂದರೆ ಗಾದೆಯ ಮೊದಲ ಭಾಗ ಅವರನ್ನೂ ಕಟ್ಟುತ್ತದೆ. ಗೃಹಲಕ್ಷ್ಮಿಯ ಕಂತು ತಿಂಗಳುಗಟ್ಟಲೆ ತಡವಾದಾಗ ಕಾರಣವನ್ನು ‘ತಾಂತ್ರಿಕ ತೊಂದರೆ’ಯ ಮೇಲೆ ಹಾಕುವ ಬದಲು ಬೊಕ್ಕಸದ ಸ್ಥಿತಿಯನ್ನು ತೆರೆದು ಹೇಳಿದ್ದರೆ, ಆ ಹಣವನ್ನು ನಂಬಿ ಸ್ತ್ರೀಶಕ್ತಿ ಸಂಘದ ಸಾಲ ತೀರಿಸಲು ದಿನ ಗೊತ್ತು ಮಾಡಿಕೊಂಡ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಗೌರವ ಸಂದಂತಾಗುತ್ತಿತ್ತು.

ಆದರೂ ವಾದದ ಜೀವಾಳ ಬೇರೆ ಕಡೆ ಇದೆ. ಈ ಹಾಸಿಗೆಯನ್ನು ಹೊಲಿದವರು ಯಾರು? ‘ತೆರಿಗೆದಾರರ ಹಣವನ್ನು ಬಿಟ್ಟಿ ಹಂಚುತ್ತಿದ್ದಾರೆ’ ಎಂಬ ಆಕ್ರೋಶದಲ್ಲಿ ತೆರಿಗೆದಾರ ಎಂದರೆ ಆದಾಯ ತೆರಿಗೆ ಕಟ್ಟುವವನು, ಪಡೆಯುವವಳು ಏನನ್ನೂ ಕಟ್ಟದವಳು ಎಂಬ ತಿಳಿವಳಿಕೆ ಅಡಗಿದೆ. ರಾಜ್ಯದ ಖಜಾನೆಯ ಲೆಕ್ಕ ಇದನ್ನು ಸಮರ್ಥಿಸುವುದಿಲ್ಲ. ಆದಾಯ ತೆರಿಗೆಯನ್ನು ವಸೂಲು ಮಾಡುವುದು ಕೇಂದ್ರ ಸರ್ಕಾರ, ಅದರಲ್ಲಿ ಒಂದು ಪಾಲು ಮಾತ್ರ ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಕ್ಕೆ ಬರುತ್ತದೆ. ರಾಜ್ಯದ ಸ್ವಂತ ತೆರಿಗೆ ಬಹುತೇಕ ಪರೋಕ್ಷ ತೆರಿಗೆ, ಅಂದರೆ ವಸ್ತುವಿನ ಬೆಲೆಯಲ್ಲಿಯೇ ಸೇರಿಕೊಂಡು, ಕೊಳ್ಳುವವರ ಅರಿವಿಗೆ ಬಾರದೆ ಅವರ ಕೈಯಿಂದ ಹೋಗುವ ತೆರಿಗೆ. 2025-26ಕ್ಕೆ ವಾಣಿಜ್ಯ ತೆರಿಗೆಗಳಿಂದ 1,20,000 ಕೋಟಿ, ಅಬಕಾರಿಯಿಂದ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿಯಿಂದ 28,000 ಕೋಟಿ, ಮೋಟಾರು ವಾಹನ ತೆರಿಗೆಯಿಂದ 15,000 ಕೋಟಿ ರೂಪಾಯಿಯ ಗುರಿ ಇಡಲಾಗಿತ್ತು. ಸೋಪು, ಚಪ್ಪಲಿ, ಪಾತ್ರೆ, ಮೊಬೈಲ್ ರೀಚಾರ್ಜು ಕೊಂಡ ಕೂಲಿ ಹೆಂಗಸು ಈ ಮೊದಲ ಸಾಲಿನಲ್ಲಿದ್ದಾಳೆ. ಆಕೆಯ ಹೆಸರು ಯಾವ ತೆರಿಗೆ ಇಲಾಖೆಯ ಪಟ್ಟಿಯಲ್ಲಿಯೂ ಇಲ್ಲದಿರುವುದು ಆಕೆ ಕಟ್ಟಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ, ಆಕೆಗೆ ರಶೀದಿ ಸಿಕ್ಕಿಲ್ಲ ಎಂಬುದಕ್ಕೆ ಸಾಕ್ಷಿ.

ಇದಕ್ಕಿಂತ ಕಹಿಯಾದ ಸಂಗತಿ ಎರಡನೆಯ ಸಾಲಿನಲ್ಲಿದೆ. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬಂದ ಮೇಲೆ ಬಹುಪಾಲು ವಸ್ತುಗಳ ತೆರಿಗೆ ದರವನ್ನು ರಾಜ್ಯವೊಂದೇ ಬದಲಿಸುವಂತಿಲ್ಲ, ಅದನ್ನು ಜಿಎಸ್‌ಟಿ ಮಂಡಳಿ ನಿರ್ಧರಿಸುತ್ತದೆ. ರಾಜ್ಯದ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಮದ್ಯ, ಪೆಟ್ರೋಲ್ ಮತ್ತು ಡೀಸೆಲ್, ಆಸ್ತಿ ನೋಂದಣಿ, ವಾಹನ ತೆರಿಗೆ. ಹೆಚ್ಚಿನ ಹಣ ಬೇಕಾದಾಗ ಯಾವ ಪಕ್ಷದ ಸರ್ಕಾರವಾದರೂ ಇವುಗಳತ್ತಲೇ ತಿರುಗಬೇಕು. 2023ರ ಜುಲೈ ಆಯವ್ಯಯದಲ್ಲಿ ಭಾರತೀಯ ತಯಾರಿಕೆಯ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡಾ 20ರಷ್ಟು ಏರಿಸಲಾಯಿತು, ಬಿಯರ್ ಮೇಲಿನದನ್ನು ಶೇಕಡಾ 175ರಿಂದ 185ಕ್ಕೆ ಒಯ್ಯಲಾಯಿತು. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇಕಡಾ 25.92ರಿಂದ 29.84ಕ್ಕೂ ಡೀಸೆಲ್‌ನದು 14.34ರಿಂದ 18.44ಕ್ಕೂ ಏರಿತು. 2025ರ ಏಪ್ರಿಲ್ 1ರಂದು ಡೀಸೆಲ್ ತೆರಿಗೆ ಮತ್ತೆ ಏರಿ 21.17 ಆಯಿತು. ಡೀಸೆಲ್ ತೆರಿಗೆ ಲಾರಿಯ ಮಾಲೀಕನಲ್ಲಿ ನಿಲ್ಲುವುದಿಲ್ಲ, ಕೋಲಾರದ ಟೊಮೆಟೊಗೂ ಗದಗದ ಮೆಣಸಿನಕಾಯಿಗೂ ಅಂಟಿಕೊಂಡು ಅಡುಗೆಮನೆಗೆ ಬರುತ್ತದೆ. ಅಬಕಾರಿಯ ವಿಷಯದಲ್ಲಂತೂ ಗಂಡನ ದಿನಗೂಲಿ ಮದ್ಯದಂಗಡಿಯ ಮೂಲಕ ಖಜಾನೆಗೆ ಹೋಗಿ, ಅದರ ಒಂದು ತುಣುಕು ಹೆಂಡತಿಯ ಖಾತೆಗೆ ಮರಳುವ ಮನೆಗಳು ನಾಡಿನಲ್ಲಿ ಎಷ್ಟೋ ಇವೆ. ಅಂಥ ಮನೆಯ ಯಜಮಾನಿಗೆ ‘ನೀನು ಬಿಟ್ಟಿ ಉಣ್ಣುತ್ತಿದ್ದೀಯೆ’ ಎನ್ನುವುದು ಅನ್ಯಾಯದ ಮಾತು. ಆಕೆ ಕಾಲು ಚಾಚಿರುವುದು ತನ್ನ ಮನೆಯವರ ಬೆವರಿನಿಂದಲೂ ಹೊಲಿದ ಹಾಸಿಗೆಯ ಮೇಲೆ.

‘ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾರೆ’ ಎಂಬ ಪ್ರತಿಕ್ರಿಯೆ ಇದೇ ಕಾರಣಕ್ಕೆ ತಳ್ಳಿಹಾಕುವಂಥದ್ದಲ್ಲ, ಆದರೆ ಅದನ್ನು ಬಿಡಿಸಿ ನೋಡಬೇಕು. 2025ರ ಜನವರಿಯಲ್ಲಿ ಶೇಕಡಾ 15ರಷ್ಟು ಏರಿದ ಬಸ್ ಪ್ರಯಾಣ ದರವನ್ನು ಶಕ್ತಿಯ ಫಲಾನುಭವಿಯ ಮನೆಯ ಗಂಡಸೇ ತೆರುತ್ತಾನೆ, ಅಲ್ಲಿ ದೂರು ಸರಿಯಾದದ್ದು. ಅದೇ ವರ್ಷದ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದ್ದನ್ನು ಮಾತ್ರ ತೆರಿಗೆಯ ಸಾಲಿಗೆ ಸೇರಿಸುವುದು ತಪ್ಪು, ಏಕೆಂದರೆ ಆ ಹೆಚ್ಚಳವನ್ನು ಹಾಲು ಉತ್ಪಾದಕರಿಗೆ ತಲುಪಿಸಲೆಂದು ಪ್ರಕಟಿಸಲಾಗಿತ್ತು. ಕೊಳ್ಳುವವರ ಸಿಟ್ಟಿನಲ್ಲಿ ಹಸು ಸಾಕುವವಳ ಪಾಲು ಮರೆಯಾಗಬಾರದು.

ಗಾದೆಯನ್ನು ಒಂದೇ ಕಡೆಗೆ ಬೀಸುವವರ ಪಕ್ಷಪಾತ ಕೇಂದ್ರದ ತೆರಿಗೆ ಬದಲಾವಣೆಗಳ ಸಂದರ್ಭದಲ್ಲಿ ಸ್ಪಷ್ಟವಾಗಿ ಬಯಲಾಗುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ದೇಶೀ ಕಂಪನಿಗಳ ತೆರಿಗೆ ದರವನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಕೈಬಿಟ್ಟುಹೋಗುತ್ತದೆಂದು ಸರ್ಕಾರವೇ ಹೇಳಿತು. 2025ರ ಫೆಬ್ರುವರಿ 1ರ ಆಯವ್ಯಯದಲ್ಲಿ ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಾಗ ಸುಮಾರು 1 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಡಲಾಯಿತು. ಎರಡೂ ಬಾರಿ ಬೆಂಗಳೂರಿನ ಉದ್ಯಮ ವಲಯದಿಂದ, ಸಂಬಳದಾರರಿಂದ ಬಂದದ್ದು ಹೆಚ್ಚಾಗಿ ಸ್ವಾಗತವೇ. ಹಾಸಿಗೆಯ ಮಾತನ್ನು ಎತ್ತಿದವರು ವಿರಳ. ಖಜಾನೆಯ ದೃಷ್ಟಿಯಿಂದ ನೋಡಿದರೆ ಬರಬೇಕಾದ ಹಣವನ್ನು ಬಿಡುವುದಕ್ಕೂ ಬಂದ ಹಣವನ್ನು ಕೊಡುವುದಕ್ಕೂ ಫಲ ಒಂದೇ: ಉಳಿದ ಕೆಲಸಗಳಿಗೆ ಅಷ್ಟು ಕಡಿಮೆಯಾಗುತ್ತದೆ. ಬೆಲೆಯೇರಿಕೆಯಲ್ಲಿ ಬೆಂದ ಸಂಬಳದಾರರಿಗೆ ಆ ವಿನಾಯಿತಿ ಬೇಡವಾಗಿತ್ತೆಂಬುದು ಇಲ್ಲಿನ ಅಭಿಪ್ರಾಯವಲ್ಲ, ಅದು ಬೇಕಾಗಿತ್ತು. ತಿಂಗಳಿಗೆ 2,000 ರೂಪಾಯಿಯೂ ಅದೇ ನ್ಯಾಯದಿಂದ ಬೇಕಾಗಿತ್ತು ಎಂಬುದಷ್ಟೇ ಹೇಳಬೇಕಾದದ್ದು. ಅದೂ ಸೇರಿದಂತೆ 2025-26ರಲ್ಲಿ ಐದೂ ಗ್ಯಾರಂಟಿಗಳಿಗೆ ರಾಜ್ಯ ಇಟ್ಟ ಹಣ 51,034 ಕೋಟಿ ರೂಪಾಯಿ.

ರಸ್ತೆ ಕಿತ್ತುಹೋಗಿದೆ, ಶಾಲೆಯ ಸೂರು ಸೋರುತ್ತಿದೆ, ಎಲ್ಲವೂ ಗ್ಯಾರಂಟಿಗೆ ಹೋಯಿತು ಎಂಬ ದೂರಿನಲ್ಲಿ ಮೊದಲೆರಡು ಮಾತುಗಳು ನಿಜ. ಮೂರನೆಯದರಲ್ಲಿ ದುಡುಕಿದೆ. ಅನ್ನಕ್ಕೆ ಕೊಡುವ ಹಣ ಅಭಿವೃದ್ಧಿಯ ಶತ್ರು ಎಂಬ ವಾದ ತಮಿಳುನಾಡಿನಲ್ಲಿ 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ಶಾಲಾ ಮಕ್ಕಳ ಊಟವನ್ನು ವಿಸ್ತರಿಸಿದಾಗಲೂ ಕೇಳಿಬಂದಿತ್ತು. 2001ರಲ್ಲಿ ಸುಪ್ರೀಂ ಕೋರ್ಟು ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೆಲ್ಲ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು, ಮರುವರ್ಷ ಕರ್ನಾಟಕದಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಇಂದು ಅದನ್ನು ಬಿಟ್ಟಿ ಎಂದು ಕರೆಯುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ.

ಹಾಸಿಗೆಯ ಒಂದು ಭಾಗ ದೆಹಲಿಯಿಂದ ಬರಬೇಕಾದದ್ದು ಎಂಬುದನ್ನೂ ಸೇರಿಸಬೇಕು. ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೆಯ ಹಣಕಾಸು ಆಯೋಗದ ಕಾಲದಲ್ಲಿ ಶೇಕಡಾ 4.713 ಇದ್ದದ್ದು ಹದಿನೈದನೆಯದರಲ್ಲಿ 3.647ಕ್ಕೆ ಇಳಿಯಿತು. 2024ರ ಫೆಬ್ರುವರಿ 7ರಂದು ರಾಜ್ಯ ಸರ್ಕಾರವೇ ಜಂತರ್ ಮಂತರ್‌ನಲ್ಲಿ ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದು ಧರಣಿ ಕೂತಿತು. ದೂರು ನ್ಯಾಯವಾದದ್ದೇ, ಆದರೆ ಬೆಂಗಳೂರಿನಿಂದ ಯಾದಗಿರಿಗೆ ಹರಿಯಬೇಕಾದ ಹಣದ ಪ್ರಶ್ನೆ ಬಂದಾಗ ಅದೇ ವಾದ ಕನ್ನಡ ನಾಡಿನೊಳಗೇ ತಿರುಗಿ ಕೇಳುತ್ತದೆ ಎಂಬ ಎಚ್ಚರ ಅದರ ಜೊತೆಗಿರಬೇಕು.

ಅಳತೆಯನ್ನು ಜನರ ಮುಂದಿಡುವ ಸಂಪ್ರದಾಯ ಈ ನಾಡಿನಲ್ಲಿ ಮತದಾನದ ಹಕ್ಕು ಎಲ್ಲರಿಗೂ ಬರುವ ಮೊದಲೇ ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಆರಂಭಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ಸಂಸ್ಥಾನದ ಆದಾಯ ವೆಚ್ಚಗಳ ವರದಿಯನ್ನು ಓದುತ್ತಿದ್ದರು, ತಾಲ್ಲೂಕುಗಳಿಂದ ಬಂದ ರೈತರೂ ವರ್ತಕರೂ ತಮ್ಮ ಅಹವಾಲು ಹೇಳುತ್ತಿದ್ದರು, 1923ರ ಸುಧಾರಣೆಯ ಮೇಲೆ ಹೊಸ ತೆರಿಗೆ ಹಾಕುವ ಮೊದಲು ಸಭೆಯ ಅಭಿಪ್ರಾಯ ಕೇಳಬೇಕಾಯಿತು. ಇಂದಿನ ಆಯವ್ಯಯದ ಜೊತೆ ಮಹಿಳೆಯರಿಗೆ ಯಾವ ಇಲಾಖೆಯಿಂದ ಎಷ್ಟು ಸಂದಿತು ಎಂದು ತೋರಿಸುವ ಲಿಂಗತ್ವ ಆಧಾರಿತ ಆಯವ್ಯಯ ಪುಸ್ತಕವೂ ಬರುತ್ತದೆ, ಮಕ್ಕಳಿಗೆ ಎಷ್ಟೆಂದು ತೋರಿಸುವ ಪುಸ್ತಕವೂ ಬರುತ್ತದೆ. ಇವೆಲ್ಲ ಕೊಟ್ಟದ್ದರ ಲೆಕ್ಕ. ಯಾವ ಆದಾಯದ ಮನೆ ಜಿಎಸ್‌ಟಿಯಲ್ಲಿ, ಡೀಸೆಲ್‌ನಲ್ಲಿ, ಅಬಕಾರಿಯಲ್ಲಿ ವರ್ಷಕ್ಕೆ ಎಷ್ಟು ಕಟ್ಟಿತು ಎಂಬ ಅಂದಾಜನ್ನೂ ಅದೇ ದಿನ, ಅದೇ ಕಟ್ಟಿನಲ್ಲಿ ಹಣಕಾಸು ಇಲಾಖೆ ಸದನದ ಮೇಜಿನ ಮೇಲೆ ಇಡಬೇಕು.