ಮುಟ್ಟದೆ ಶುದ್ಧಿಯಿಲ್ಲ

ಹೋದ ಬೇಸಿಗೆಯಲ್ಲಿ ನಮ್ಮೂರು ಸಾಲಗುಂದದ ಒಂದು ಮನೆಗೆ ಉಗಿ ಮಶೀನು ತೆಗೆದುಕೊಂಡು ಹೋಗಿದ್ದೆ. ಆ ಮನೆಯ ಯಜಮಾನರು ಲಕ್ವ ಹೊಡೆದು ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಹೊರಡುವ ಮುಂಚೆ ಮಂಚ, ಗಾದಿ, ಕೋಣೆಯ ನೆಲ ಎಲ್ಲ ಸ್ವಚ್ಛ ಮಾಡಿಸಬೇಕೆಂದು ನನ್ನನ್ನು ಕರೆಸಿದ್ದ. ಪೈಪಿನಿಂದ ಉಗಿ ಬುಸ್ಸೆಂದು ಬಂದಾಗ ಬಾಗಿಲಿಗೆ ಒರಗಿ ಕೂತಿದ್ದ ಅವನ ತಾಯಿ ಕೇಳಿದರು: “ಯಪ್ಪಾ, ಈ ಉಗಿ ಹಿಡಿದರ ಸೂತಕಾನೂ ಹೋಗತೈತೇನು?”

“ವಾಸನಿ ಹೋಗತೈತಿ, ತಿಗಣಿ ಸಾಯ್ತಾವ. ಸೂತಕದ್ದು ನನಗ ಗೊತ್ತಿಲ್ಲ ಯಮ್ಮಾ” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಎಂಟು ತಿಂಗಳು ಅವರದೆಲ್ಲಾ ನಾನ ಬಳದೀನಿ. ಒಂದಿನಾನೂ ಹೊಲಸು ಅನಸಲಿಲ್ಲ. ಜೀವ ಹೋದ ಮ್ಯಾಲೆ ಮನಿ ಮೈಲಿಗಿ ಆತು ಅಂತಾರ. ಅದು ಎಲ್ಲಿಂದ ಬಂತು ಅಂತ ತಿಳಿವಲ್ದು.”

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ವರ್ಷದಿಂದ ಆ ಮಾತು ನನ್ನ ಜೊತೆಗೇ ಇದೆ. ಗಾದಿಯ ಹೊಲಿಗೆಗೆ ಉಗಿ ಹಿಡಿಯುವಾಗ, ಖಾನಾವಳಿಯ ಒಲೆಯ ಜಿಡ್ಡು ಬಿಡಿಸುವಾಗ ಅದನ್ನೇ ಯೋಚಿಸುತ್ತೇನೆ. ಉತ್ತರ ಸಿಕ್ಕದ್ದೂ ಕೆಲಸದೊಳಗೇ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಸಾಲದ ವರ್ಷ ನಮ್ಮ ಕಡೆಯ ಕೂಲಿಯವರು ಗುಳೆ ಹೊರಡುತ್ತಾರೆ. ಅಂಥದ್ದೊಂದು ವರ್ಷ ನಾನೂ ಬೆಂಗಳೂರಿಗೆ ಹೋಗಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿದೆ. ಮಶೀನು ಕಲಿತದ್ದು ಅಲ್ಲಿ. ಊರಿಗೆ ಮರಳಿ ಸಾಲ ಮಾಡಿ ಒಂದು ಕೊಂಡೆ. ಈಗ ಸಿಂಧನೂರು, ಮಸ್ಕಿ, ಲಿಂಗಸೂಗೂರಿನಲ್ಲಿ ಲಾಡ್ಜು, ಖಾನಾವಳಿ, ಕಲ್ಯಾಣಮಂಟಪ, ಮನೆಯ ಸೋಫಾ, ಕಾರಿನ ಸೀಟು ಸ್ವಚ್ಛ ಮಾಡುವುದು ನನ್ನ ಕಾಯಕ.

ಉಗಿ ನಮ್ಮ ಸೀಮೆಗೆ ಹೊಸದಲ್ಲ. ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಉಮಿ ಉರಿಸಿ ಬಾಯ್ಲರ್ ಕಾಯಿಸಿ, ನೆಲ್ಲಿಗೆ ಉಗಿ ಕೊಟ್ಟು ಸ್ಟೀಮ್ ಅಕ್ಕಿ ಮಾಡುತ್ತಾರೆ. ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕಾಯಿಸಿದ ಉಗಿಯೇ ಟರ್ಬೈನು ತಿರುಗಿಸಿ ನಾಡಿಗೆ ವಿದ್ಯುತ್ ಕೊಡುತ್ತದೆ. ನನ್ನ ಮಶೀನು ಅವುಗಳ ಮುಂದೆ ಚಿಕ್ಕ ಕೂಸು. ಎರಡು ಲೀಟರ್ ನೀರು, 4 ಬಾರ್ ಒತ್ತಡ, ಬಾಯ್ಲರಿನೊಳಗೆ ಸುಮಾರು 150 ಡಿಗ್ರಿ ಶಾಖ. ನಮ್ಮ ಬೋರಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟಿ ಕಾಯಿಲೆ ಬೀಳುತ್ತದೆ. ಅದಕ್ಕೇ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಂಡು ಹೋಗುತ್ತೇನೆ.

ಈ ಉಗಿಯಲ್ಲಿ ಒಂದು ಗುಣವಿದೆ. ಶಾಲೆಯಲ್ಲಿ ಗುಪ್ತೋಷ್ಣ ಎಂದು ಓದಿದ್ದೆ, ತಿಳಿದದ್ದು ಮಶೀನು ಹಿಡಿದ ಮೇಲೆ. ಒಂದು ಗ್ರಾಂ ನೀರು 100 ಡಿಗ್ರಿಗೆ ಬಂದ ಮೇಲೂ ಉಗಿಯಾಗಬೇಕಾದರೆ ಇನ್ನೂ ಸುಮಾರು 540 ಕ್ಯಾಲರಿ ಶಾಖ ಹೀರಿಕೊಳ್ಳಬೇಕು. ಆ ಶಾಖವನ್ನು ಉಗಿ ಒಡಲಲ್ಲಿ ಇಟ್ಟುಕೊಂಡಿರುತ್ತದೆ. ತಣ್ಣಗಿನ ವಸ್ತುವನ್ನು ಮುಟ್ಟಿದಾಗ ಮತ್ತೆ ನೀರಾಗಿ, ಇಟ್ಟುಕೊಂಡದ್ದನ್ನೆಲ್ಲ ಅದಕ್ಕೆ ಕೊಟ್ಟುಬಿಡುತ್ತದೆ. ಜಿಡ್ಡು ಕರಗುವುದು, ಸೂಕ್ಷ್ಮಾಣು ಸಾಯುವುದು ಆ ಕೊಡುವಿಕೆಯಿಂದ. ಪೈಪನ್ನು ಒಂದಡಿ ದೂರ ಹಿಡಿದರೆ ಕೋಣೆ ತುಂಬ ಮಂಜು ಕಟ್ಟುತ್ತದೆ, ಕೊಳೆ ಇದ್ದಲ್ಲೇ ಇರುತ್ತದೆ. ಹತ್ತಿರ ಹಿಡಿಯಬೇಕು, ತಾಕಿಸಬೇಕು, ನಿಧಾನಿಸಬೇಕು.

ಮಡಿಯ ನಿಯಮ ಇದಕ್ಕೆ ತಿರುಗಾಮುರುಗಾ. ಅದು ದೂರ ನಿಲ್ಲು ಎನ್ನುತ್ತದೆ, ಮುಟ್ಟಬೇಡ ಎನ್ನುತ್ತದೆ. ಆದರೆ ಮುಟ್ಟದೆ ಯಾವುದನ್ನು ಸ್ವಚ್ಛ ಮಾಡಲು ಬರುತ್ತದೆ? ಮಡಿಯುಟ್ಟವರ ಮನೆಯ ಅಂಗಳವನ್ನೂ, ಬಚ್ಚಲನ್ನೂ ಯಾರೋ ಮುಟ್ಟಿ ತೊಳೆದಿರುತ್ತಾರೆ.

ಇನ್ನೊಂದು ಸಂಗತಿ. ಉಗಿ ಕೊಳೆಯನ್ನು ಸಡಿಲಿಸುತ್ತದೆ, ಒಯ್ಯುವುದಿಲ್ಲ. ಒಯ್ಯುವುದು ನನ್ನ ಕೈಯಲ್ಲಿರುವ ಬಟ್ಟೆ. ಕೊಳೆ ಗಾದಿಯಿಂದ ಬಟ್ಟೆಗೆ, ಬಟ್ಟೆಯಿಂದ ಬಕೆಟ್ಟಿಗೆ, ಅಲ್ಲಿಂದ ಚರಂಡಿಗೆ ಹೋಗುತ್ತದೆ. ಲೋಕದಿಂದ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ನಮ್ಮ ಸಮಾಜ ಮಾಡಿದ್ದೂ ಇದನ್ನೇ. ತನ್ನ ಕೊಳೆಯನ್ನು ಕೆಲವರ ತಲೆಯ ಮೇಲೆ ಹೊರಿಸಿತು, ಆಮೇಲೆ ಹೊತ್ತವರನ್ನೇ ಕೊಳೆ ಎಂದಿತು. ಆ ಯಮ್ಮ ಕೇಳಿದ ಮೈಲಿಗೆ ಹುಟ್ಟಿದ್ದು ಕೋಣೆಯಲ್ಲಲ್ಲ, ಈ ಮಾತಿನಲ್ಲಿ.

ಹನ್ನೆರಡನೆಯ ಶತಮಾನದ ಶರಣರು ಇದನ್ನು ಕಂಡಿದ್ದರು. ಹುಟ್ಟು, ಸಾವು, ಹೆಂಗಸರ ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಅವರು ತಳ್ಳಿಹಾಕಿದರು. ಶರಣರ ಹೊಲಸು ಬಟ್ಟೆ ಒಗೆಯುತ್ತಿದ್ದ ದೇವರ ಹಿಪ್ಪರಗಿಯ ಮಾಚಯ್ಯ ಕಲ್ಯಾಣದಲ್ಲಿ ಎಲ್ಲರೂ ತಲೆಬಾಗುವ ಶರಣನಾದ. ನಮ್ಮ ಲಿಂಗಸೂಗೂರು ಸೀಮೆಯ ಅಮರೇಶ್ವರದ ಮಾರಯ್ಯ ಅದೇ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡಿದ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಬೇಕಾದಷ್ಟೇ ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ನನ್ನವ್ವ ರೈಸ್ ಮಿಲ್ಲಿನ ಅಂಗಳ ಗುಡಿಸಿ ನನ್ನನ್ನು ಸಾಕಿದವಳು. ಸೆರಗಿನಲ್ಲಿ ಒಂದು ಕಾಳು ಕಟ್ಟಿಕೊಂಡು ಬಂದವಳಲ್ಲ. ಲಕ್ಕಮ್ಮನ ಕಥೆ ಕೇಳಿದಾಗಲೆಲ್ಲ ನನಗೆ ಅವ್ವನ ಪೊರಕೆ ಕಣ್ಣಿಗೆ ಬರುತ್ತದೆ.

ಶರಣರಿಗಿಂತಲೂ ಹಳೆಯ ಸಾಕ್ಷಿ ಸಿಂಧನೂರಿನಿಂದ ಲಿಂಗಸೂಗೂರಿಗೆ ಹೋಗುವ ದಾರಿಯಲ್ಲೇ ಇದೆ. ಮಸ್ಕಿಯ ಬೆಟ್ಟದ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅಶೋಕ ಎಂಬ ಹೆಸರಿರುವುದರಿಂದ ಅದು ಪ್ರಸಿದ್ಧ. ನನಗೆ ಅದರೊಳಗಿನ ಇನ್ನೊಂದು ಮಾತು ದೊಡ್ಡದು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವುದೆಂದು ತಿಳಿಯಬಾರದು, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಅದು ಸಿಗುತ್ತದೆ ಎಂದು ದೊರೆ ಹೇಳಿದ್ದಾನೆ. ಈ ಮಾತಿಗೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೀರಿದ ವಯಸ್ಸು.

ಆದರೂ ಒಂದು ಖಾನಾವಳಿಯಲ್ಲಿ ನಾನು ಕಂಡದ್ದು ಹೀಗೆ. ಮಶೀನು ಹಿಡಿದು ಹೋದ ನನಗೆ ಮಾಲಕರು “ಬರ್ರಿ ಸರ” ಎಂದು ಕುರ್ಚಿ ಹಾಕಿ, ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಅದೇ ಅಡುಗೆಮನೆಯನ್ನು ದಿನಾ ತಿಕ್ಕುವ ಹೆಣ್ಣುಮಗಳಿಗೆ ಹಿತ್ತಲಲ್ಲಿ ಕಾಗದದ ಕಪ್ಪಿನಲ್ಲಿ ಕೊಟ್ಟರು. ಜಿಡ್ಡು ಒಂದೇ, ಒಲೆ ಒಂದೇ. ನಾನು ಬಂದದ್ದು ವರ್ಷಕ್ಕೊಮ್ಮೆ, ಆಕೆ ಬರುವುದು ದಿನಕ್ಕೆರಡು ಸಲ. ಗೌರವ ಸಿಕ್ಕದ್ದು ಮಶೀನಿಗೆ, ಕಾಯಕಕ್ಕಲ್ಲ. ಅಂದು ನಾನು ಚಹಾ ತೆಗೆದುಕೊಂಡು ಹಿತ್ತಲಿಗೆ ಹೋಗಿ ಆಕೆಯ ಪಕ್ಕ ಕೂತು ಕುಡಿದೆ. ಅದಕ್ಕಿಂತ ಹೆಚ್ಚು ಮಾತಾಡಬೇಕಿತ್ತು, ಮಾತಾಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಮುಟ್ಟುವುದೇ ಶುದ್ಧಿ ಎನ್ನುತ್ತ, ಹುಟ್ಟಿನ ಕಾರಣಕ್ಕೆ ಮಲ ಹೊರಿಸಿಕೊಂಡವರ ನೋವನ್ನು ಪುಣ್ಯವೆಂದು ಹಾಡಬಾರದು. ಆ ಯಮ್ಮ ಗಂಡನನ್ನು ಪ್ರೀತಿಯಿಂದ ಮುಟ್ಟಿದರು, ಬಲವಂತದಿಂದಲ್ಲ. ನಮ್ಮ ನಾಡಿನಲ್ಲಿ ಮಲ ಹೊರುವ ಪದ್ಧತಿ ನಿಲ್ಲಿಸಲು 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮುಂದಾದರು. ದೇಶದಲ್ಲಿ 1993ರಲ್ಲಿ, ಮತ್ತೆ 2013ರಲ್ಲಿ ಕಾಯ್ದೆಗಳು ಬಂದವು. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದಕ್ಕಾಗಿ ಜೀವಮಾನವನ್ನೇ ಮುಡಿಪಿಟ್ಟರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಮನುಷ್ಯ ಇಳಿಯಬಾರದ ಗುಂಡಿಗೆ ಮಶೀನೇ ಇಳಿಯಬೇಕು. ಮಶೀನು ಬಂದ ಮೇಲೂ ಅದನ್ನು ಹಿಡಿಯುವ ಕೈ ಒಂದೇ ಕೇರಿಯದಾದರೆ, ಬದಲಾದದ್ದು ಪೊರಕೆ ಮಾತ್ರ.

ಇದುವರೆಗೆ ಹೇಳಿದ್ದು ಹೊರಗಿನ ಶುದ್ಧಿಯ ಮಾತು. ಹಾಗಾದರೆ ಅಂತರಂಗ ಶುದ್ಧಿ ಎಂದರೇನು? ನನಗೆ ತಿಳಿದಷ್ಟು ಹೇಳುತ್ತೇನೆ. ಗಾದಿಯ ಮೇಲ್ಭಾಗ ಗಿರಾಕಿಗೆ ಕಾಣುತ್ತದೆ. ಕೆಳಗಿನ ಹೊಲಿಗೆ ಕಾಣುವುದಿಲ್ಲ. ತಿಗಣೆ ಮೊಟ್ಟೆಯಿಡುವುದು ಅಲ್ಲೇ. ಅಲ್ಲಿ ಪೈಪನ್ನು ಜೋರಾಗಿ ಓಡಿಸಿದರೂ ಯಾರೂ ಕೇಳುವವರಿಲ್ಲ. ಇಂಚು ಇಂಚಾಗಿ, ಒಳಗೆ ಶಾಖ ಇಳಿಯುವವರೆಗೆ ಹಿಡಿದೆನೋ ಇಲ್ಲವೋ ಎಂಬುದು ನನ್ನೊಬ್ಬನಿಗೆ ಗೊತ್ತು. ಯಾರೂ ನೋಡದ ಆ ಹೊಲಿಗೆಯಲ್ಲಿ ನಾನು ಮೋಸ ಮಾಡದಿದ್ದರೆ, ಹೊರಗಿನ ಶುದ್ಧಿಯೂ ಒಳಗಿನ ಶುದ್ಧಿಯೂ ಒಟ್ಟಿಗೇ ಆಗುತ್ತವೆ. ಅವು ಎರಡು ಬೇರೆ ಕೆಲಸಗಳೆಂದು ನನಗನ್ನಿಸುವುದಿಲ್ಲ.

ಅಂದು ಕೆಲಸ ಮುಗಿದಾಗ ಆ ಯಮ್ಮ ಒಳಗೆ ಬಂದು, ಇನ್ನೂ ಬೆಚ್ಚಗಿದ್ದ ಗಾದಿಯನ್ನು ಅಂಗೈಯಿಂದ ಸವರಿದರು. ನೆಂಟರೊಬ್ಬರು ಈಗಲೇ ಮುಟ್ಟಬೇಡ ಎಂದರು. ಆಕೆ ಕೇಳಲಿಲ್ಲ, ಗಂಡ ಮಲಗುತ್ತಿದ್ದ ಜಾಗದಲ್ಲೇ ಕೂತರು. ನನ್ನಿಂದ ಹೇಳಲಾಗದ ಉತ್ತರವನ್ನು ಅವರೇ ಕೊಟ್ಟಿದ್ದರು.

ಓದುವ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆ, ಅಂಗಡಿ, ಗುಡಿ ಸ್ವಚ್ಛ ಮಾಡಿದವರು ಕೆಲಸ ಮುಗಿಸಿ ನಿಂತಾಗ, ಅವರ ಕೈಯಲ್ಲಿ ಮಶೀನಿರಲಿ, ಪೊರಕೆಯಿರಲಿ, ಒಳಗೆ ಕರೆದು ಕೂಡಿಸಿ. ನೀವು ಕುಡಿಯುವ ಲೋಟದಲ್ಲೇ ಅವರಿಗೂ ಚಹಾ ಕೊಡಿ.