ಓಡಲಾರದವನ ಈಟಿ

ಮಳೆ ಹಿಡಿಯಿತೆಂದರೆ ಹೆತ್ತೂರಿನ ಕಡೆ ಕಾಫಿ ತೋಟಗಳಲ್ಲಿ ಶಂಖದ ಹುಳುಗಳು ಮೇಲೇಳುತ್ತವೆ. ಒಂದನ್ನು ಹತ್ತಿರದಿಂದ ನೋಡಬೇಕು. ಬಾಯೊಳಗಿನ ಅರದಂಥ ನಾಲಿಗೆ ಎಲೆಯ ಹಸಿರನ್ನು ಕೆರೆಯುತ್ತಾ ಹೋಗುತ್ತದೆ. ಹಿಂದೆ ಲೋಳೆಯ ಗೆರೆ, ತೂತುಬಿದ್ದ ಎಲೆ. ಆ ನಾಲಿಗೆಯ ತುಂಬ ಸಾವಿರಾರು ಪುಟ್ಟ ಹಲ್ಲುಗಳು. ಅವಸರವಿಲ್ಲ. ಎಲೆ ಎಲ್ಲಿಗೂ ಓಡಿಹೋಗುವುದಿಲ್ಲ.

ಕಡಲಲ್ಲಿರುವ ಅದರ ದಾಯಾದಿ ಕೋನ್ ಸ್ನೇಲ್‌ಗೆ ಈ ಭಾಗ್ಯವಿಲ್ಲ. ಅದೂ ತೆವಳುವ ಜೀವವೇ, ಆದರೆ ಕೋನಸ್ ಮೇಗಸ್‌ನಂಥ ಕೆಲವು ಜಾತಿಗಳ ಊಟ ಮೀನು. ಚುಚ್ಚಿಸಿಕೊಂಡ ಮೀನು ನಾಲ್ಕು ಮಾರು ಈಜಿ ಸತ್ತರೂ ಆ ಊಟ ಇನ್ಯಾರದೋ ಪಾಲು. ಹಾಗಾಗಿ ಎಲೆ ಕೆರೆಯುವ ಹಲ್ಲೇ ಇಲ್ಲಿ ಟೊಳ್ಳಾದ, ಮುಳ್ಳುಳ್ಳ ಈಟಿಯಾಗಿದೆ. ಒಮ್ಮೆ ಬಳಸಿದರೆ ಮುಗಿಯಿತು, ಮುಂದಿನ ಬೇಟೆಗೆ ಬೇರೆ ಹಲ್ಲು. ಅದರೊಳಗಿಂದ ಹರಿಯುವ ವಿಷ ಕ್ಷಣದಲ್ಲಿ ಮೀನಿನ ನರಗಳನ್ನೇ ಕಟ್ಟಿಹಾಕುತ್ತದೆ. ಚಿಪ್ಪಿನ ಚೆಂದಕ್ಕೆ ಮರುಳಾಗಿ ಕೋನಸ್ ಜಿಯೋಗ್ರಾಫಸ್ ಹಿಡಿದ ಮನುಷ್ಯರೂ ಸತ್ತಿದ್ದಾರೆ, ಅದಕ್ಕೆ ಪ್ರತಿವಿಷವಿಲ್ಲ.

ವಿಷ ಕಂಡಲ್ಲೆಲ್ಲ ನಾವು ಹಗೆಯನ್ನು ಕಾಣುತ್ತೇವೆ. ನನಗಿಲ್ಲಿ ಕಾಣುವುದು ಓಡಲಾರದವನ ಹಸಿವು. ಬೆನ್ನಟ್ಟುವ ಕಾಲಿಲ್ಲದ್ದಕ್ಕೇ ಗುರಿ ಅಷ್ಟು ಹರಿತವಾಯಿತು.

ಆ ಹರಿತವನ್ನು ಮೊದಲು ಗುರುತಿಸಿದವರಲ್ಲಿ ಫಿಲಿಪೀನ್ಸಿನ ಬಾಲ್ಡೊಮೆರೊ ಒಲಿವೆರಾ ಒಬ್ಬರು. ಮನಿಲಾದ ಅವರ ಪ್ರಯೋಗಾಲಯದಲ್ಲಿ ಉಪಕರಣಗಳಿರಲಿಲ್ಲ. ಬಾಲ್ಯದಲ್ಲಿ ಚಿಪ್ಪು ಆಯುತ್ತಿದ್ದ ಅವರು ತಮ್ಮ ಕಡಲಲ್ಲೇ ಸಿಗುವ ಹುಳುವನ್ನು ಎತ್ತಿಕೊಂಡರು. ಮುಂದೆ ಕೋನಸ್ ಮೇಗಸ್‌ನ ವಿಷದಲ್ಲಿ ಸಿಕ್ಕ, 25 ಅಮೈನೋ ಆಮ್ಲಗಳ ಒಂದು ಪೆಪ್ಟೈಡ್ 2004ರಲ್ಲಿ ಅಮೆರಿಕದಲ್ಲಿ ಜಿಕೊನೊಟೈಡ್ ಎಂಬ ನೋವಿನ ಔಷಧಿಯಾಗಿ ಒಪ್ಪಿಗೆ ಪಡೆಯಿತು. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಒಂದು ನರದಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲೇ ಅದು ತಡೆಯೊಡ್ಡುತ್ತದೆ. ಮಾರ್ಫಿನ್‌ನಂತೆ ಚಟ ಹಿಡಿಸುವುದಿಲ್ಲ.

ಕ್ಯಾನ್ಸರಿನ ನೋವಿಗೆ ಗೋಡೆಗೆ ತಲೆಯೊತ್ತಿ ಇಡೀ ರಾತ್ರಿ ಕೂತವರನ್ನು ನಮ್ಮ ಕಡೆ ಕಂಡಿದ್ದೇನೆ. ಅವರಿಗೆ ಈ ಔಷಧಿ ದೂರ: ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಪಂಪಿನಿಂದ ಹನಿಸಬೇಕು, ತಲೆಸುತ್ತು, ಗೊಂದಲ ಬೇರೆ. ಆದ್ದರಿಂದಲೇ ಹುಡುಕಾಟ ಮುಗಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಮತ್ತು ಸಂಗಡಿಗರು ನಮ್ಮ ಪೂರ್ವ ಕರಾವಳಿಯ ಕೋನಸ್ ಅಮೇಡಿಸ್‌ನ ವಿಷವನ್ನು ಬಿಡಿಸಿ ಓದಿದರು. ಅದು ಇತರ ಶಂಖದ ಹುಳುಗಳನ್ನೇ ಬೇಟೆಯಾಡುವ ಜಾತಿ. ಕೋನ್ ಸ್ನೇಲ್‌ಗಳಲ್ಲಿ ನೂರಾರು ಜಾತಿಗಳಿವೆ, ಒಂದೊಂದರ ವಿಷವೂ ಬೇರೆ. ಶೋಕೇಸಿನ ಚಿಪ್ಪಿಗಾಗಿ ಅವನ್ನು ಜೀವಂತ ಬೇಯಿಸುವುದು ನಿಲ್ಲಲಿ. ಗೋಡೆಗೊರಗಿ ಕೂತವರು ಕಾಯುತ್ತಿರುವ ಗುಳಿಗೆ ಯಾವುದರಲ್ಲಿದೆಯೋ.