ಎಡಗೈ ಕಲಿಸಿದ ಪಾಠ

ಪಾಠ ಹೇಳುವುದೇ ವೃತ್ತಿಯಾಗಿದ್ದವನಿಗೆ ಪಾಠ ಕಲಿಯುವುದು ಸುಲಭವಲ್ಲ. ಮುಖ್ಯೋಪಾಧ್ಯಾಯನಾಗಿ ನಿವೃತ್ತನಾಗಿ ಹಲವು ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ನಾನು ಒಂದು ಪಾಠವನ್ನು ಕಲಿತೆ. ಸಂಘದ ಬಂಧುಗಳೊಡನೆ ಅದನ್ನು ಹಂಚಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ಪತ್ನಿಯ ಅಣ್ಣನವರು ಸೇಲಂನ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರು. ಐವತ್ತು ವರ್ಷ ರೇಷ್ಮೆ ಪಂಚೆ ನೇಯ್ದ ಕೈ ಅವರದು. ಒಂದು ಮುಂಜಾನೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಪ್ರಾಣ ಉಳಿಯಿತು. ಮೂರು ತಿಂಗಳಲ್ಲಿ ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಂತಾದರು. ಎಲ್ಲರೂ 'ಗುಣವಾಗುತ್ತಿದೆ' ಎಂದೆವು. ಆದರೆ ಅವರು ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಯಾರಾದರೂ ಬಂದರೆ ಅಳುತ್ತಿದ್ದರು. ಊಟ ಬೇಡವೆಂದು ತಟ್ಟೆ ಸರಿಸುತ್ತಿದ್ದರು.

ಮೆದುಳಿಗೆ ಹೋಗುವ ರಕ್ತನಾಳ ಮುಚ್ಚಿಕೊಂಡಾಗ ಇಲ್ಲವೇ ಒಡೆದಾಗ ಈ ವ್ಯಾಧಿ ಬರುತ್ತದೆ. ಮೆದುಳಿನ ಎಡಭಾಗವು ದೇಹದ ಬಲಭಾಗವನ್ನು ಆಳುತ್ತದೆ. ಬಹುತೇಕರಲ್ಲಿ ಮಾತಿನ ಶಕ್ತಿಯೂ ಎಡಭಾಗದಲ್ಲಿಯೇ ಇದೆ. ಆದುದರಿಂದಲೇ ಬಲಗೈ ಸೋತವರಲ್ಲಿ ಹಲವರಿಗೆ ಮಾತೂ ಸೋಲುತ್ತದೆ. ಮಾತು ಸೋತರೆ ಬುದ್ಧಿ ಸೋತಿತೆಂದು ಅರ್ಥವಲ್ಲ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಆವರಿಸುತ್ತದೆ. ಕೆಲವರಿಗೆ ದುಃಖವಿಲ್ಲದೆಯೂ ಅಳು ಉಕ್ಕುತ್ತದೆ, ಸಂತೋಷವಿಲ್ಲದೆಯೂ ನಗು ಬರುತ್ತದೆ; ಅದೂ ಮೆದುಳಿನ ಗಾಯದ ಫಲವೇ. ಇವೆಲ್ಲವನ್ನೂ ವೈದ್ಯರಿಂದ ಕೇಳಿ ತಿಳಿಯುವ ಮೊದಲು ನಾವು 'ಹಟಮಾರಿ' ಎಂದು ಅವರನ್ನು ಗದರಿದ್ದುಂಟು.

ಬಣ್ಣ ತುಂಬುವುದರಿಂದ ರೋಗಿಗಳ ಮನಸ್ಸಿಗೆ ನೆಮ್ಮದಿ ಸಿಗುತ್ತದೆಂದು ಎಲ್ಲಿಯೋ ಓದಿದ್ದೆ. ಅಂಗಡಿಗೆ ಹೋಗಿ ಮಕ್ಕಳ ಚಿತ್ರಪುಸ್ತಕವನ್ನೂ ಬಣ್ಣದ ಕಡ್ಡಿಗಳನ್ನೂ ತಂದು ಅವರ ಮುಂದಿಟ್ಟೆ. ಆನೆಯ ಚಿತ್ರ ತೋರಿಸಿ, 'ಎಲ್ಲಿ, ಇದಕ್ಕೆ ಬಣ್ಣ ಹಚ್ಚಿ ನೋಡೋಣ' ಎಂದು ಒಂದನೆಯ ತರಗತಿಯ ದನಿಯಲ್ಲಿ ಹೇಳಿದೆ. ಅವರು ನನ್ನನ್ನು ಒಮ್ಮೆ ನೋಡಿದರು. ಎಡಗೈಯಿಂದ ಪುಸ್ತಕವನ್ನು ನೆಲಕ್ಕೆ ತಳ್ಳಿದರು. ಆ ನೋಟವನ್ನು ನಾನು ಮರೆಯಲಾರೆ. ಸಾವಿರಾರು ಪಂಚೆಗಳ ಅಂಚಿಗೆ ಬಣ್ಣ ಕೂಡಿಸಿದ ಕುಶಲಿಗೆ ನಾನು ಆನೆಗೆ ಬಣ್ಣ ಹಚ್ಚಲು ಹೇಳಿದ್ದೆ.

ಕೆಲವು ದಿನಗಳ ಮೇಲೆ ಅವರ ಮಗಳು ಬೇರೊಂದು ದಾರಿ ಹಿಡಿದಳು. ಮನೆಯಲ್ಲಿ ಉಳಿದಿದ್ದ ಬಣ್ಣದ ರೇಷ್ಮೆ ಲಡಿಗಳನ್ನು ಮಂಚದ ಮೇಲೆ ಹರಡಿ, 'ಅಪ್ಪಾ, ಈ ಹಸಿರಿನ ಪಕ್ಕಕ್ಕೆ ಯಾವುದು ಹೊಂದುತ್ತದೆ? ನನಗೆ ತಿಳಿಯುತ್ತಿಲ್ಲ' ಎಂದು ಕೇಳಿದಳು. ಅವರು ಬಹಳ ಹೊತ್ತು ನೋಡಿ, ಎಡಗೈಯಿಂದ ಒಂದು ಲಡಿಯನ್ನು ಎಳೆದು ಹಸಿರಿನ ಪಕ್ಕದಲ್ಲಿಟ್ಟರು. ಮರುದಿನ ತಾವೇ ಸನ್ನೆ ಮಾಡಿ ಲಡಿಗಳನ್ನು ತರಿಸಿಕೊಂಡರು. ಒಂದು ತಿಂಗಳಲ್ಲಿ ಹಲಗೆಯ ಮೇಲೆ ನೂಲನ್ನು ಅಂಟಿಸಿ ಅಂಚಿನ ವಿನ್ಯಾಸಗಳನ್ನು ಜೋಡಿಸತೊಡಗಿದರು. ಸಾಲು ಡೊಂಕು, ನಿಜ. ಆದರೆ ಗೋಡೆಯ ಕಡೆಗಿದ್ದ ಮುಖ ಬಾಗಿಲಿನ ಕಡೆಗೆ ತಿರುಗಿತು.

ನನ್ನ ಬಣ್ಣದ ಕಡ್ಡಿಗೂ ಆ ಹುಡುಗಿಯ ರೇಷ್ಮೆ ಲಡಿಗೂ ಏನು ವ್ಯತ್ಯಾಸ? ಎರಡೂ ಕಲೆಯೇ, ಎರಡೂ ಬಣ್ಣವೇ. ನಾನು ಅವರಿಗೆ ಹೊತ್ತು ಕಳೆಯುವ ಸಾಧನವನ್ನು ಕೊಟ್ಟೆ. ಅವಳು ಅವರಿಂದ ಒಂದು ಅಭಿಪ್ರಾಯವನ್ನು ಬೇಡಿದಳು. ನನ್ನ ಕೊಡುಗೆಯಲ್ಲಿ ದಯೆಯಿತ್ತು, ಗೌರವವಿರಲಿಲ್ಲ. ರೋಗಿಗೆ ನಾವು ಮಾಡುವ ಉಪಕಾರದಲ್ಲಿ ಅವನನ್ನು ಕಿರಿದಾಗಿಸುವ ಅಪಾಯ ಸದಾ ಇರುತ್ತದೆ. ಈ ಎಚ್ಚರವಿಲ್ಲದ ಸೇವೆ ಸೇವೆಯಾಗಲಾರದು.

ಧರ್ಮಪುರಿಯ ಕಡೆಯ ನಮ್ಮ ಬಂಧುವೊಬ್ಬರ ವಿಷಯವನ್ನೂ ಹೇಳಬೇಕು. ಅವರಿಗೆ ಎಡಭಾಗ ಸೋತಿತ್ತು. ಬಲಗೈ ಚೆನ್ನಾಗಿದ್ದುದರಿಂದ ಚುಕ್ಕಿ ರಂಗೋಲಿ ಹಾಕಲು ಕುಳಿತರು. ಬಲಗಡೆಯ ಅರ್ಧವನ್ನು ಸೊಗಸಾಗಿ ಬರೆದು, ಮುಗಿಯಿತೆಂದು ಕೈ ತೊಳೆದುಕೊಂಡರು. ಎಡಗಡೆ ಖಾಲಿಯಾಗಿಯೇ ಉಳಿದಿತ್ತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ, ಕಣ್ಣು ಸರಿಯಿದ್ದರೂ, ಎಡಗಡೆಯ ಲೋಕ ಗಮನಕ್ಕೇ ಬಾರದು. ಮನೆಯವರು ಅಶುಭವೆಂದು ಉಳಿದರ್ಧವನ್ನು ಬೇಗ ಬರೆದು ಮುಗಿಸಿದರು. ಆಕೆ ಮತ್ತೆ ರಂಗೋಲಿಯ ಬಟ್ಟಲನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಕುಳಿತು, 'ಈ ಕಡೆಗೊಮ್ಮೆ ನೋಡಿ, ಇಲ್ಲಿಯೂ ಚುಕ್ಕಿಗಳಿವೆ' ಎಂದು ಮೆಲ್ಲನೆ ಹೇಳಿದ್ದರೆ ಅದು ಚಿಕಿತ್ಸೆಯೂ ಆಗುತ್ತಿತ್ತು, ಗೌರವವೂ ಆಗುತ್ತಿತ್ತು. ಚಿತ್ರ ಪೂರ್ಣವಾಗುವುದು ಮುಖ್ಯವೋ, ಬರೆಯುವವರು ಉಳಿಯುವುದು ಮುಖ್ಯವೋ? ಪ್ರಶ್ನೆ ಚಿಕ್ಕದು, ಉತ್ತರ ಕೊಡುವಾಗ ನಾವು ಎಡವುತ್ತೇವೆ.

ಸ್ವೀಡನ್ ದೇಶದ ಕವಿ ಟೋಮಾಸ್ ಟ್ರಾನ್ಸ್‌ಟ್ರೋಮರ್ ಅವರಿಗೆ 1990ರಲ್ಲಿ ಪಾರ್ಶ್ವವಾಯುವಾಗಿ ಬಲಗೈಯೂ ಮಾತೂ ಬಹುಪಾಲು ಹೋದವು. ಅವರು ಎಡಗೈಯೊಂದರಿಂದಲೇ ಪಿಯಾನೋ ನುಡಿಸುತ್ತ, ಕಿರುಗವಿತೆಗಳನ್ನು ಬರೆಯುತ್ತ ಬಾಳಿದರು. 2011ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ಬಂದಿತು. ಫಿನ್ಲೆಂಡಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಮಗೆ ಪ್ರಿಯವಾದ ಸಂಗೀತವನ್ನು ಎರಡು ತಿಂಗಳು ನಿತ್ಯವೂ ಕೇಳಿದ ರೋಗಿಗಳಲ್ಲಿ ನೆನಪು ಮತ್ತು ಏಕಾಗ್ರತೆ ಹೆಚ್ಚು ಸುಧಾರಿಸಿ, ಖಿನ್ನತೆ ಕಡಿಮೆಯಾದುದು ಕಂಡುಬಂದಿತು. ಮಾತನಾಡಲಾರದವರಲ್ಲಿ ಕೆಲವರು ಹಾಡಬಲ್ಲರು ಎಂಬುದು ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಅದನ್ನೇ ಆಧರಿಸಿ, ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸಾಕ್ರಮವೂ ರೂಪುಗೊಂಡಿದೆ.

ಇದನ್ನು ನಾನು ಕಣ್ಣಾರೆ ಕಂಡೆ. ಒಂದು ಶನಿವಾರ ಸಂಜೆ ಮನೆಯ ಹೆಂಗಸರು ಪುರಂದರದಾಸರ ಪದವೊಂದನ್ನು ಹಾಡುತ್ತಿದ್ದಾಗ, 'ನೀರು' ಎಂಬ ಪದವನ್ನೂ ಆಡಲಾರದಿದ್ದ ನಮ್ಮ ನೇಕಾರರು ಪಲ್ಲವಿಗೆ ದನಿಗೂಡಿಸಿದರು. ಅವರಿಗೆ ಹಿಂದಿರುಗಿದುದು ಕನ್ನಡ. ಇದು ನಮ್ಮಂಥವರಿಗೆ ಮುಖ್ಯವಾದ ಮಾತು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಹೊರಗೆ ತಮಿಳು. ಎರಡು ಭಾಷೆ ಬಲ್ಲವರಲ್ಲಿ ಒಂದು ಭಾಷೆ ಬೇಗ, ಇನ್ನೊಂದು ತಡವಾಗಿ ಮರಳುವುದುಂಟು; ಯಾವುದು ಮೊದಲೆಂದು ಮುಂದಾಗಿ ಹೇಳಲಾಗದು. ಆಸ್ಪತ್ರೆಯಲ್ಲಿ ತಮಿಳಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ, 'ಇವರ ಮನೆಮಾತು ಕನ್ನಡ' ಎಂದು ತಿಳಿಸುವುದು ನಮ್ಮ ಹೊಣೆ.

ಕಲೆ ಔಷಧಕ್ಕೆ ಬದಲಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಮುಖ ಸೊಟ್ಟಗಾದರೆ, ತೋಳು ಬಿದ್ದರೆ, ಮಾತು ತೊದಲಿದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ರಕ್ತದ ಗಡ್ಡೆಯನ್ನು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಗಳ ಗಡುವಿದೆ. ರಕ್ತದೊತ್ತಡದ ಮಾತ್ರೆಯನ್ನೂ ಅಂಗಸಾಧನೆಯನ್ನೂ ಬಿಡಬಾರದು. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮದ್ದು, ಅಂಗಸಾಧನೆ ಎರಡೂ ಮನೆ ಬಾಗಿಲಿಗೆ ಬರುತ್ತವೆ. ಆದರೆ ಅವರು ಹೊರಟ ಮೇಲೆ ಉಳಿಯುವ ಉದ್ದನೆಯ ಮಧ್ಯಾಹ್ನವನ್ನು ಯಾವ ಸರ್ಕಾರವೂ ತುಂಬಲಾರದು. ಅದು ನಮ್ಮ ಪಾಲಿನದು.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಶಿಕ್ಷಕನಾಗಿದ್ದ ಮೊದಲ ವರ್ಷಗಳಲ್ಲಿ, ಎಡಗೈಯಲ್ಲಿ ಬರೆಯುತ್ತಿದ್ದ ಹುಡುಗನೊಬ್ಬನ ಬೆರಳುಗಳ ಮೇಲೆ ಅಡಿಕೋಲಿನಿಂದ ಹೊಡೆದು, ಬಲಗೈಯಲ್ಲಿಯೇ ಬರೆಯುವಂತೆ ಮಾಡಿದ್ದೆ. ಮುಖ್ಯೋಪಾಧ್ಯಾಯನಾದ ಮೇಲೆ, ಹತ್ತನೆಯ ತರಗತಿಯ ಫಲಿತಾಂಶಕ್ಕಾಗಿ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಕೊಟ್ಟಿದ್ದೆ. ಆಗ ನನಗೆ ಎರಡೂ ಶಿಸ್ತಾಗಿಯೇ ಕಂಡಿದ್ದವು. ಈಗ ನಮ್ಮ ನೇಕಾರರ ಎಡಗೈ ನಡುಗುತ್ತ ನೂಲನ್ನು ಕೂಡಿಸುವಾಗ ಆ ಹುಡುಗನ ಬೆರಳುಗಳು ನೆನಪಾಗುತ್ತವೆ. ಕೈಗೆ ಸರಿ ತಪ್ಪುಗಳಿಲ್ಲ. ಮನಸ್ಸು ಯಾವ ಕೈಯ ಮೂಲಕ ಹೊರಬರಬಲ್ಲದೋ ಅದೇ ಅದರ ಕೈ.

ನಮ್ಮ ಸಂಘದಲ್ಲಿ ಹಾಡುವವರಿದ್ದಾರೆ, ರಂಗೋಲಿ ಬರೆಯುವವರಿದ್ದಾರೆ, ಕಥೆ ಹೇಳುವವರಿದ್ದಾರೆ. ವಾರಕ್ಕೊಂದು ಗಂಟೆ, ಇಂಥವರ ಮನೆಗೆ ಇಬ್ಬರು ಹೋಗಿ ಕುಳಿತರೆ ಸಾಕು. ಹೋಗುವಾಗ ಮಕ್ಕಳ ಚಿತ್ರಪುಸ್ತಕವನ್ನು ಒಯ್ಯಬೇಡಿ. ಒಂದು ಪ್ರಶ್ನೆಯನ್ನು ಒಯ್ಯಿರಿ: 'ನಿಮಗೆ ತಿಳಿದದ್ದನ್ನು ನಮಗೆ ತೋರಿಸುವಿರಾ?' ಉತ್ತರ ಬರುವವರೆಗೆ ಕಾಯಿರಿ. ಕಾಯುವುದೂ ಚಿಕಿತ್ಸೆಯೇ.